ಯಾರ ಮನೆಯ ಬೀಜ

"ಬುದ್ಧಿ, ಹೊರಗಿನಿಂದ ಇಷ್ಟು ಸುಲಭವಾಗಿ ಕಾಳು ಬರುತ್ತಿರುವಾಗ ನಾವೇ ಏಕೆ ಬೆಳೆಯಬೇಕು?"

ಈ ಪ್ರಶ್ನೆ ಕೇಳುವಾಗ ಮರುಳಯ್ಯ ನಿಂತೇ ಇದ್ದ. ಕೂರುವಷ್ಟು ವ್ಯವಧಾನ ಅವನಿಗಿರಲಿಲ್ಲ. ಮಠದ ದಾಸೋಹದ ಉಸ್ತುವಾರಿ ಅವನದು. ಚುರುಕಿನ ಮನುಷ್ಯ. ಅವನು ಬಂದ ಮೇಲೆ ಅಡುಗೆಮನೆಯ ಹೊಗೆ ಹೋಗಿ ಹೊಸ ಒಲೆ ಬಂದಿತ್ತು, ಊಟದ ಮನೆಗೆ ಕಲ್ಲು ಹಾಸಿತ್ತು. ಬಿತ್ತನೆಗೆ ಮುಂಚೆ ಗದ್ದುಗೆಯ ಮುಂದೆ ಮೊಳಕೆಯ ಬುಟ್ಟಿ ಇಡುವುದು ಆ ಮಠದ ಹಳೆಯ ಪದ್ಧತಿ. ಹೋದ ವರ್ಷ ಮಠದ ರಾಗಿ ಅಲ್ಲೊಂದು ಇಲ್ಲೊಂದು ಮೊಳೆತು ಬುಟ್ಟಿ ಬೋಳಾಗಿ ಕಂಡಿತ್ತು. ಈ ವರ್ಷ ಮರುಳಯ್ಯ ಪೇಟೆಯ ನರ್ಸರಿಯಿಂದ ದಟ್ಟ ಸಸಿಯ ಬುಟ್ಟಿಯನ್ನೇ ತರಿಸಿಬಿಟ್ಟ. ಭಕ್ತರು ನೋಡಿ ಭೇಷ್ ಎಂದಿದ್ದರು.

ಮಠದ ಹಿಂದಿನ ಹೊಲದಲ್ಲಿ ಲಾಗಾಯ್ತಿನಿಂದಲೂ ರಾಗಿ ಬೆಳೆಯುತ್ತಿದ್ದರು. ದಾಸೋಹದ ಮುದ್ದೆ ಆ ರಾಗಿಯದೇ. ಈಗ ಚೆಂಡುಹೂವು ಬೆಳೆಸುವ ಪೇಟೆಯವರು ಆ ಹೊಲ ಕೇಳಿದ್ದರು. ಹೊಲ ಕೊಟ್ಟರೆ ಅಕ್ಕಿ ತಂದು ಇಳಿಸುತ್ತೇವೆ, ಬಂದರಿನಿಂದ ನೇರವಾಗಿ ಬರುವ ಗೋಧಿಯನ್ನೂ ಇಳಿಸುತ್ತೇವೆ, ನಿಮಗೆ ಉಳುವ ಗೋಜೇ ಬೇಡ ಎಂದಿದ್ದರು. ಬೆಳಗಾದರೆ ಅವರಿಗೆ ಮಾತು ಕೊಡಬೇಕು. ಮರುಳಯ್ಯ ಮನಸ್ಸಿನಲ್ಲೇ ಒಪ್ಪಿಯಾಗಿತ್ತು. ಆದರೂ ಏನೋ ಒಂದು ಕಸಿವಿಸಿ ಅವನನ್ನು ಬಿಟ್ಟಿರಲಿಲ್ಲ.

ಹಿರಿಯ ಸ್ವಾಮಿಗಳು ಜಗಲಿಯಲ್ಲಿ ಕುಳಿತು ಹರಿದ ಕಾವಿ ಶಾಲಿಗೆ ಹೊಲಿಗೆ ಹಾಕುತ್ತಿದ್ದರು. ತಲೆ ಎತ್ತದೆ, "ಕೂತುಕೋ" ಎಂದರು.

"ಹೊತ್ತಾಗುತ್ತದೆ ಬುದ್ಧಿ. ಒಂದು ಮಾತು ಹೇಳಿಬಿಟ್ಟರೆ ಸಾಕು."

"ಒಂದು ಮಾತಿನಲ್ಲಿ ಮುಗಿಯುವ ಪ್ರಶ್ನೆಯಾಗಿದ್ದರೆ ನೀನು ನನ್ನ ಹತ್ತಿರ ಬರುತ್ತಿದ್ದೆಯಾ? ಕೂತುಕೋ ಮಾರಾಯ. ನಿಂತವನಿಗೆ ನಾನು ಕತೆ ಹೇಳುವುದಿಲ್ಲ."

ಮರುಳಯ್ಯ ಮೆಟ್ಟಿಲ ತುದಿಯಲ್ಲಿ ಕುಳಿತ. ಸ್ವಾಮಿಗಳು ಸೂಜಿಗೆ ದಾರ ಪೋಣಿಸಿಕೊಂಡು ಹೇಳತೊಡಗಿದರು.

ಒಂದು ಬೆಟ್ಟದ ಸೀಮೆ. ಅಲ್ಲಿ ಒಬ್ಬ ರೈತ. ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮಕ್ಕಳು. ಆ ಸೀಮೆಯ ಎಲ್ಲರ ಹಾಗೆ ಅವನೂ ರಾಗಿ ಬೆಳೆಯುವವನು, ರಾಗಿ ಉಣ್ಣುವವನು. ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿಯೂ ಮುದ್ದೆ. ಅಕ್ಕಿ ಎಂದರೆ ಅವರಿಗೆ ಹಬ್ಬ. ಬೀಗರು ಬಂದರೆ, ಮಗುವಿಗೆ ಹೆಸರಿಟ್ಟರೆ ಒಂದು ಹಿಡಿ ಅಕ್ಕಿ ಬೇಯುತ್ತಿತ್ತು. ಆ ಗಂಜಿಯ ವಾಸನೆಗೇ ಮಕ್ಕಳು ಒಲೆ ಬಿಟ್ಟು ಕದಲುತ್ತಿರಲಿಲ್ಲ.

ಅವರಲ್ಲೂ ನಮ್ಮ ಹಾಗೆಯೇ ಒಂದು ಮೊಳಕೆ ಹಬ್ಬವಿತ್ತು. ಮೊದಲ ಮಳೆಯ ಮೋಡ ಕಟ್ಟುವ ಹೊತ್ತಿಗೆ ಪ್ರತಿ ಮನೆಯ ಹಿರಿಯ ಹೆಂಗಸು ಬೀಜದ ಗುಡಾಣಕ್ಕೆ ಕೈ ಹಾಕಿ ಒಂದು ಹಿಡಿ ರಾಗಿ ತೆಗೆಯುತ್ತಿದ್ದಳು. ಬುಟ್ಟಿಯಲ್ಲಿ ಮಣ್ಣು ಗೊಬ್ಬರ ಹಾಕಿ, ರಾಗಿ ಚೆಲ್ಲಿ, ನೀರು ಚಿಮುಕಿಸಿ ಇಡುತ್ತಿದ್ದಳು. ಮೊಳೆತ ಮೇಲೆ ಬುಟ್ಟಿಗಳೆಲ್ಲ ಊರ ಅಮ್ಮನ ಗುಡಿಗೆ ಬರುತ್ತಿದ್ದವು. ಹೆಂಗಸರು ಬುಟ್ಟಿಯಿಂದ ಬುಟ್ಟಿಗೆ ಹೋಗಿ ನೋಡುತ್ತಿದ್ದರು. ನೋಡಿದವರು, "ಯಾರ ಮನೆಯ ಬೀಜ?" ಎಂದು ಕೇಳಲೇಬೇಕು. ಬುಟ್ಟಿಯವಳು, "ನಮ್ಮ ಮನೆಯದು" ಎನ್ನಲೇಬೇಕು. ಯಾರ ಬುಟ್ಟಿ ತೆಳುವಾಗಿದೆಯೋ ಅವರು ದಟ್ಟ ಬುಟ್ಟಿಯವರ ಮನೆಗೆ ಹೋಗಿ ಆ ವರ್ಷದ ಬೀಜ ತರುತ್ತಿದ್ದರು. ಇಲ್ಲ ಎನ್ನುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಅಷ್ಟನ್ನೇ ಹಿಂದಕ್ಕೆ ಕೊಟ್ಟರಾಯಿತು. ಹಬ್ಬವೆಂದು ಮಾಡುತ್ತಿದ್ದರು. ಅದರಿಂದ ಯಾರ ಹೊಲವೂ ಬೀಜವಿಲ್ಲದೆ ಬೀಳು ಬೀಳುತ್ತಿರಲಿಲ್ಲ.

ಹೀಗಿರುವಾಗ ಘಟ್ಟದ ಆಚೆಯ ಭತ್ತದ ಸೀಮೆಯಿಂದ ಒಬ್ಬ ವ್ಯಾಪಾರಿ ಬಂದ. ರೈತನ ಜಗಲಿಯಲ್ಲಿ ಕುಳಿತು ಅಂಬಲಿ ಕುಡಿದ. ಹೊಲದ ಅಂಚಿನಲ್ಲಿ ತಾನಾಗಿ ಎದ್ದಿದ್ದ ಹರಳು ಗಿಡಗಳನ್ನು ನೋಡಿದ.

"ಯಜಮಾನರೇ, ನಿಮ್ಮ ಮಣ್ಣಿಗೆ ಹರಳು ಹೇಳಿ ಮಾಡಿಸಿದ್ದು. ನಮ್ಮ ಪಟ್ಟಣದಲ್ಲಿ ದೀಪಕ್ಕೆ ಎಣ್ಣೆ ಸಾಲದು. ನೀವು ಹರಳು ಕೊಡಿ, ನಾನು ಅಕ್ಕಿ ಕೊಡುತ್ತೇನೆ. ದಿನಾ ಹಬ್ಬ ಮಾಡಿಕೊಂಡಿರಿ" ಎಂದ.

"ನೀವು ಬಾರದೆ ಹೋದರೆ, ಶೆಟ್ಟರೇ?"

ವ್ಯಾಪಾರಿ ನಕ್ಕುಬಿಟ್ಟ. "ಬಾರದೆ ಎಲ್ಲಿಗೆ ಹೋಗಲಿ? ನಿಮ್ಮ ಹರಳು ಇಲ್ಲದಿದ್ದರೆ ನನ್ನ ಗಾಣ ನಿಂತು ಹೋಗುತ್ತದೆ. ನನ್ನ ಹೆಂಡತಿ ಮಕ್ಕಳೂ ಉಣ್ಣಬೇಕಲ್ಲ!"

ಅವನು ಸುಳ್ಳು ಹೇಳಲಿಲ್ಲ, ಮರುಳಯ್ಯ. ಅದನ್ನು ಮರೆಯಬೇಡ. ಈ ಕತೆಯಲ್ಲಿ ಕಳ್ಳರು ಯಾರೂ ಇಲ್ಲ. ಕಳ್ಳನಿದ್ದಿದ್ದರೆ ನಾಲ್ಕು ಬಡಿದು ಓಡಿಸಬಹುದಿತ್ತು.

ರೈತ ಮೊದಲು ಅರ್ಧ ಹೊಲಕ್ಕೆ ಹರಳು ಹಾಕಿದ. ಸುಗ್ಗಿ ಮುಗಿಯುತ್ತಲೇ ಗಾಡಿಗಳು ಬಂದವು. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ, ಮಲ್ಲಿಗೆ ಮೊಗ್ಗಿನಂಥದ್ದು. ಅವನ ಹೆಂಡತಿ ಅದನ್ನು ಮೊರಕ್ಕೆ ಸುರಿದು ನೋಡಿ ನೋಡಿ ಹಿಗ್ಗಿದಳು. ಒಂದು ಕಲ್ಲಿಲ್ಲ, ಹೊಟ್ಟಿಲ್ಲ. ಬೀಸುವುದು ತಪ್ಪಿತು. ಮದುವೆಯಾಗಿ ಬಂದ ದಿನದಿಂದ ನಸುಕಿಗೆ ಎದ್ದು ಬೀಸಿ ಬೀಸಿ ಅವಳ ಅಂಗೈ ಜಡ್ಡುಗಟ್ಟಿತ್ತು. ಬೀಸುವ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿ, "ಸದ್ಯ, ನಿನ್ನ ಋಣ ಹರಿಯಿತು" ಎಂದಳು. ಅವಳದೇನು ತಪ್ಪು? ನೀನಾದರೂ ಅದನ್ನೇ ಹೇಳುತ್ತಿದ್ದೆ.

ಮುಂದಿನ ಸಲ ಹೊಲವೆಲ್ಲ ಹರಳು. ಅವನದಷ್ಟೇ ಅಲ್ಲ, ಊರಿನದೆಲ್ಲ, ಸುತ್ತಿನ ಊರುಗಳದೂ. ರಾಗಿ ಹುಲ್ಲು ಇಲ್ಲದೆ ದನಕ್ಕೆ ಮೇವಿಲ್ಲವಾಯಿತು. ಹರಳಿನ ಸೊಪ್ಪನ್ನು ದನ ತಿನ್ನುವಂತಿಲ್ಲ. ಊರಿನವರು ಎತ್ತುಗಳನ್ನು ವ್ಯಾಪಾರಿಗೇ ಕೊಟ್ಟರು. ಅವನಿಗೆ ಗಾಡಿಗೆ ಕಟ್ಟಲು ಬೇಕಾಗಿದ್ದವು. ಅವೇ ಎತ್ತುಗಳು ಅಕ್ಕಿ ಹೇರಿಕೊಂಡು ಊರಿಗೆ ಬಂದಾಗ ತಮ್ಮ ತಮ್ಮ ಕೊಟ್ಟಿಗೆಯ ಕಡೆಗೆ ತಿರುಗಿಬಿಡುತ್ತಿದ್ದವು. ಗಾಡಿ ಹೊಡೆಯುವವರು ಮೂಗುದಾರ ಜಗ್ಗಿ ಮುಂದಕ್ಕೆ ಎಳೆಯುತ್ತಿದ್ದರು. ರೈತ ಆಗ ಒಳಗೆ ಹೋಗಿಬಿಡುತ್ತಿದ್ದ.

ಎಲ್ಲ ಚೆನ್ನಾಗಿತ್ತು. ಆದರೂ ಆ ರೈತನಿಗೆ ಒಂದು ರೋಗವಿತ್ತು. ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಎದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹರಳಿಗೆ ಬಿತ್ತುವ ಕೂರಿಗೆ ಬೇಡ. ಗುಳಿ ತೆಗೆದು ಕಾಳು ಹಾಕಿದರೆ ಮುಗಿಯಿತು. ಇವನು ಮಾತ್ರ ಅಟ್ಟ ಹತ್ತಿ ಕೂರಿಗೆ ಇಳಿಸುತ್ತಿದ್ದ, ಒರೆಸುತ್ತಿದ್ದ, ಎಣ್ಣೆ ಹಚ್ಚುತ್ತಿದ್ದ, ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೆಂಡತಿ, "ಇವರಿಗೆ ಸುಖ ಮೈಗೆ ಹತ್ತುವುದಿಲ್ಲ" ಎಂದು ನಗುತ್ತಿದ್ದಳು. ಏನಾಗಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹೊಟ್ಟೆ ತುಂಬಿತ್ತು, ಮನಸ್ಸು ಮಾತ್ರ ಏನನ್ನೋ ಎಲ್ಲೋ ಬಿಟ್ಟು ಬಂದವರ ಹಾಗೆ ಚಡಪಡಿಸುತ್ತಿತ್ತು.

ಮೊಳಕೆ ಹಬ್ಬವನ್ನು ಅವರು ಬಿಟ್ಟಿರಲಿಲ್ಲ. ಬಿಟ್ಟಾರೆಯೇ? ಅಮ್ಮನ ಹಬ್ಬ. ಗುಡಾಣದ ತಳದಲ್ಲಿ ಉಳಿದಿದ್ದ ಹಳೆಯ ರಾಗಿಯನ್ನೇ ಹಿಡಿ ಹಿಡಿ ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಬೀಜಕ್ಕೆ ಮುಪ್ಪು ಬಂದಿತ್ತು. ವರ್ಷ ವರ್ಷಕ್ಕೂ ಬುಟ್ಟಿ ತೆಳುವಾಗುತ್ತ ಬಂತು. ತೆಳು ಬುಟ್ಟಿಯವರು ದಟ್ಟ ಬುಟ್ಟಿಯವರ ಮನೆಗೆ ಹೋಗೋಣವೆಂದರೆ ದಟ್ಟ ಬುಟ್ಟಿಯೇ ಇಲ್ಲ. ಕೊನೆಗೆ ಗುಡಾಣಗಳೂ ಬರಿದಾದವು. ಒಂದು ವರ್ಷ ಹೆಂಗಸರು ಶೆಟ್ಟರ ಅಕ್ಕಿಯನ್ನೇ ಮಣ್ಣಿಗೆ ಚೆಲ್ಲಿ ನೀರು ಹಾಕಿದರು. ಹೊಟ್ಟು ತೆಗೆದು ಹೊಳಪು ಕೊಟ್ಟ ಅಕ್ಕಿ ಮೊಳೆಯುತ್ತದೆಯೇ? ಕೊಳೆತು ನಾರಿತು. ಅಮ್ಮನ ಮುಂದೆ ಬೋಳು ಬುಟ್ಟಿ ಇಡಬೇಕಾಯಿತಲ್ಲ ಎಂದು ಹೆಂಗಸರು ಗುಡಿಯಲ್ಲೇ ಅತ್ತುಬಿಟ್ಟರು.

ವ್ಯಾಪಾರಿಗೆ ಈ ಸಂಗತಿ ತಿಳಿಯಿತು. ಒಳ್ಳೆಯ ಮನುಷ್ಯ, ಹೆಂಗಸರ ಕಣ್ಣೀರು ನೋಡಲಾರ. ಮರು ವರ್ಷ ಹಬ್ಬದ ಹೊತ್ತಿಗೆ ಅಕ್ಕಿಯ ಗಾಡಿಯ ಹಿಂದೆ ಇನ್ನೊಂದು ಗಾಡಿ ಬಂತು. ಅದರ ತುಂಬ ಮೊಳೆತ ಬುಟ್ಟಿಗಳು. ಹಸಿರೆಂದರೆ ಹಸಿರು, ಕೈ ಹಾಕಿದರೆ ಬೆರಳು ಮುಳುಗುವಷ್ಟು ದಟ್ಟ! ಊರಿಗೆ ಊರೇ ಕುಣಿದಾಡಿತು. ಅಂಥ ಹಬ್ಬ ಯಾರ ಕಾಲದಲ್ಲೂ ಆಗಿರಲಿಲ್ಲ ಎಂದರು. ರೈತನ ಹೆಂಡತಿಯೂ ಒಂದು ಬುಟ್ಟಿ ಕೊಂಡು ತಲೆಯ ಮೇಲಿಟ್ಟು ಗುಡಿಗೆ ಹೋದಳು. ಮುದಿ ತಾಯಿ ಕೋಲೂರಿಕೊಂಡು ಹಿಂದೆ ಹೋದಳು. ಅವಳಿಗೆ ಆ ಹೊತ್ತಿಗೆ ಕಣ್ಣು ಮಂಜಾಗಿತ್ತು. ಹಬ್ಬದಲ್ಲಿ ಎಲ್ಲ ನಡೆಯಿತು. ಆರತಿಯಾಯಿತು, ಹಾಡಾಯಿತು, ಅನ್ನದ ಊಟವಾಯಿತು. ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಕೇಳಿದರೆ ಹೇಳುವುದಾದರೂ ಏನು?

ಅಲ್ಲಿಂದ ಪ್ರತಿ ವರ್ಷವೂ ಬುಟ್ಟಿಗಳು ಗಾಡಿಯಲ್ಲೇ ಬಂದವು.

ಒಂದು ವರ್ಷ ಹಬ್ಬ ಮುಗಿದು ಇನ್ನೂ ತೋರಣ ಬಾಡಿರಲಿಲ್ಲ. ವ್ಯಾಪಾರಿ ಮತ್ತೆ ಬಂದ. ಗಾಡಿಯಿಲ್ಲ, ಎತ್ತಿಲ್ಲ. ನಡೆದುಕೊಂಡು ಬಂದಿದ್ದ. ಮುಖದಲ್ಲಿ ಕಳೆ ಇರಲಿಲ್ಲ.

"ನಮ್ಮಲ್ಲಿ ಭತ್ತಕ್ಕೆ ರೋಗ ಬಿದ್ದಿದೆ, ಯಜಮಾನರೇ. ಇರುವುದು ನಮಗೇ ಸಾಲದೆಂದು ಅರಸರು ಘಟ್ಟದ ದಾರಿ ಮುಚ್ಚಿಸಿದ್ದಾರೆ. ಒಂದು ಕಾಳೂ ಆಚೆ ಹೋಗಕೂಡದಂತೆ" ಎಂದ.

"ಹಾಗಾದರೆ ನಮ್ಮ ಹರಳು?"

"ಒಲೆಯೇ ಉರಿಯದ ಮನೆಯಲ್ಲಿ ದೀಪ ಹಚ್ಚಿಕೊಂಡು ಯಾರ ಮುಖ ನೋಡುತ್ತಾರೆ?"

ಕಾವಲಿನವರ ಕಣ್ಣು ತಪ್ಪಿಸಿ ಹೆಗಲ ವಸ್ತ್ರದಲ್ಲಿ ಕಟ್ಟಿ ತಂದಿದ್ದ ಅಕ್ಕಿಯನ್ನು ಮುದುಕಿಯ ಸೆರಗಿಗೆ ಸುರಿದು, ಮುಖವೆತ್ತದೆ ಅವನು ಹೊರಟುಹೋದ. ನಾನು ಹೇಳಲಿಲ್ಲವೇ, ಅವನು ಕಳ್ಳನಲ್ಲ. ಅವನಿಗೂ ಒಬ್ಬ ಅರಸನಿದ್ದ, ಆ ಅರಸನಿಗೂ ಅವನ ಜನರಿದ್ದರು.

ಆ ವರ್ಷ ಮಳೆ ಬರಲಿಲ್ಲ ಎಂದುಕೊಂಡೆಯಾ? ಬಂತು. ಹದವಾಗಿ, ಮನಸ್ಸಿಟ್ಟು ಬಂತು. ಸಂಜೆ ಸುರಿದು ಬೆಳಗ್ಗೆ ಹೊಳವಾಗುತ್ತಿತ್ತು. ಹಿರಿಯರು ಮಳೆ ಎಂದರೆ ಹೀಗಿರಬೇಕು ಎನ್ನುತ್ತಿದ್ದರಲ್ಲ, ಅಂಥ ಮಳೆ. ಮಣ್ಣು ಬೆಣ್ಣೆಯಂತಾಗಿತ್ತು. ಮನೆ ಮನೆಯಲ್ಲೂ ಸೂರಿನವರೆಗೆ ಹರಳಿನ ಮೂಟೆ. ಎಣ್ಣೆ ಬೇಕಾದಷ್ಟು. ಅಕ್ಕಿಯ ಮಡಕೆಯಲ್ಲಿ ಮಾತ್ರ ಸೌಟು ತಳಕ್ಕೆ ತಾಗುತ್ತಿತ್ತು.

ಊರಿನವರು ಗುಡಿಯ ಕಟ್ಟೆಯ ಮೇಲೆ ಸೇರಿದರು. ಹರಳು ಕಿತ್ತು ಹಾಕೋಣ, ರಾಗಿ ಬಿತ್ತೋಣ ಎಂದರು. ಎಲ್ಲರ ಮುಖದಲ್ಲೂ ಗೆಲುವು ಬಂತು. ಎತ್ತಿಲ್ಲದಿದ್ದರೆ ನಾವೇ ನೊಗಕ್ಕೆ ಹೆಗಲು ಕೊಡೋಣ ಎಂದರು. ಆಮೇಲೆ ಯಾರೋ, "ಬೀಜ?" ಎಂದರು.

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆ ಇನ್ನೊಬ್ಬರು ಮತ್ತೊಬ್ಬರ ಮುಖ ನೋಡಿದರು.

ರೈತನ ಚಡಪಡಿಕೆಗೆ ಅಂದು ಹೆಸರು ಸಿಕ್ಕಿತು. ಮನೆಗೆ ಓಡಿ ಗುಡಾಣಕ್ಕೆ ಕೈ ಹಾಕಿದ, ಉಗುರಿಗೆ ಮಣ್ಣು ಹತ್ತಿತೇ ಹೊರತು ಕಾಳು ಸಿಗಲಿಲ್ಲ. ಬೀಸುವ ಕಲ್ಲಿನ ಸಂದನ್ನು ಕೆದಕಿ ನೋಡಿದ. ಕೂರಿಗೆಯ ಬಟ್ಟಲಿಗೆ ಕಣ್ಣಿಟ್ಟು ನೋಡಿದ, ಅಲ್ಲಿ ತಾನೇ ಹಚ್ಚಿದ ಎಣ್ಣೆ ಇತ್ತು. ಅಂಗಳದಲ್ಲಿ ಹುಚ್ಚನಂತೆ ಸುತ್ತು ಹೊಡೆದ. ಇದ್ದಕ್ಕಿದ್ದಂತೆ ನಿಂತ. ಹಬ್ಬದ ಬುಟ್ಟಿಗಳು!

ಗುಡಿಯ ಒಳಗೆ ಬುಟ್ಟಿಗಳು ಇನ್ನೂ ಹಸಿರಾಗೇ ಇದ್ದವು. ಅಮ್ಮನಿಗೆ ಕೈಮುಗಿದು ಒಂದನ್ನು ಎತ್ತಿಕೊಂಡ. ಹಿಂದೆಯೇ ಊರಿನವರೆಲ್ಲ ಬಂದು ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡರು. ಸಸಿಗಳನ್ನು ಬಿಡಿಸಿ ಹೊಲಕ್ಕೆ ಒಯ್ದು ಒಂದೊಂದಾಗಿ ನಾಟಿ ಹಾಕಿದರು. ನೆಟ್ಟ ಸಸಿ ಬೇರು ಹಿಡಿಯಿತು. ಊರಿಗೆ ಜೀವ ಬಂತು.

ಅಲ್ಲಿಂದ ರೈತ ಮನೆಯಲ್ಲಿ ಇದ್ದದ್ದೇ ಇಲ್ಲ. ಬದುವಿನ ಮೇಲೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಮನೆಯವರು ಬೆರಕೆ ಸೊಪ್ಪು ಬೇಯಿಸಿಕೊಂಡು, ಕಾಡಿನ ಗೆಡ್ಡೆ ಅಗೆದುಕೊಂಡು ದಿನ ದೂಡಿದರು. ಮಕ್ಕಳು ಅನ್ನ ಎಂದು ಅಳುವುದನ್ನು ಬಿಟ್ಟು, ಅಮ್ಮಾ ಎಂದು ಸುಮ್ಮನೆ ಅಳತೊಡಗಿದವು. "ಇನ್ನೇನು ಬಂತು, ತಡೆಯಿರಿ" ಎಂದು ಅವನು ಹೇಳುತ್ತಿದ್ದ. ಹೊಲ ಮೊಳಕಾಲಿಗೆ ಬಂತು, ತೊಡೆಗೆ ಬಂತು. ಗಾಳಿ ಬೀಸಿದರೆ ತೂಗಾಡುತ್ತಿತ್ತು. ತಾಯಿ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು, "ತೆನೆ ಕಟ್ಟಿತೇನಪ್ಪ?" ಅವನು ದಿನಾ, "ನಾಳೆ, ಅವ್ವ" ಎನ್ನುತ್ತಿದ್ದ.

ಒಂದು ಬೆಳಗ್ಗೆ ತೆನೆ ಹೊರಬಂತು. ರಾಗಿಯ ತೆನೆ ಮುಷ್ಟಿ ಮಡಿಸಿದ ಬೆರಳಿನಂತೆ ಇರಬೇಕು. ಇದು ನೂಲಿನಂತೆ ಸಣ್ಣಗಿತ್ತು. ಬಲಿಯುತ್ತದೆ ಎಂದು ಕಾದ. ಬಲಿಯಲಿಲ್ಲ, ಒಣಗಿತು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದ. ಊದಿದ. ಅಂಗೈಯಲ್ಲಿ ಏನೂ ಉಳಿಯಲಿಲ್ಲ.

ಬುಡಸಹಿತ ಒಂದು ಗಿಡ ಕಿತ್ತು ತಂದು ತಾಯಿಯ ಕೈಗೆ ಇಟ್ಟ. ಮುದುಕಿ ಅದನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದಳು.

"ಇದು ಹುಲ್ಲು ಕಣಪ್ಪ."

"ಅಮ್ಮನ ಮುಂದೆ ಇಟ್ಟದ್ದು ಇದನ್ನೇ ಅಲ್ಲವೇನವ್ವ?"

ಮುದುಕಿ ಗಿಡವನ್ನು ಮಡಿಲಿಗೆ ಹಾಕಿಕೊಂಡು, "ಯಾರ ಮನೆಯ ಬೀಜ ಎಂದು ನಾನಾದರೂ ಕೇಳಬೇಕಿತ್ತು. ಅನ್ನ ಮೆತ್ತಗಿತ್ತು. ನಾನೂ ಕೇಳಲಿಲ್ಲ" ಎಂದಳು.

ವ್ಯಾಪಾರಿಯನ್ನು ಬೈಯಬೇಡ. ಅವರು ಹಸಿರು ಕೇಳಿದ್ದರು, ಅವನು ಹಸಿರು ತಂದುಕೊಟ್ಟಿದ್ದ. ಬೇಗ ಮೊಳೆಯುವ, ದಟ್ಟವಾಗಿ ಕಾಣುವ ಹುಲ್ಲು ಅದು, ತೆನೆ ಬರುವವರೆಗೆ ರಾಗಿಯಂತೆಯೇ ಇರುವಂಥದ್ದು. ಹಬ್ಬಕ್ಕೆ ಅಷ್ಟು ಸಾಕಾಗಿತ್ತು.

ಊರು ಚದುರಿತು. ಕೆಲವರು ಘಟ್ಟ ಇಳಿದು ಪರರ ಗದ್ದೆಯಲ್ಲಿ ಕೂಲಿಗೆ ನಿಂತರು. ರೈತ ಕೂಲಿಗೆ ಹೋಗಲಿಲ್ಲ. ಹೆಂಡತಿಗೆ ಮಕ್ಕಳನ್ನೂ ತಾಯಿಯನ್ನೂ ಒಪ್ಪಿಸಿ, ಒಂದು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. "ಮುಂದಿನ ಮಳೆಯೊಳಗೆ ಬರುತ್ತೇನೆ. ಬರಿಗೈಯಲ್ಲಿ ಬರುವುದಿಲ್ಲ" ಎಂದ. ಹೆಂಡತಿ ಗೋಡೆಗೆ ಒರಗಿಸಿದ್ದ ಬೀಸುವ ಕಲ್ಲನ್ನು ಇಳಿಸಿ ತೊಳೆದಿಟ್ಟಳು.

ಅವನು ಅನ್ನ ಬೇಡಲಿಲ್ಲ. ಊರೂರಿಗೆ ಹೋಗಿ, ಮನೆ ಮನೆಯ ಮುಂದೆ ನಿಂತು, "ನಿಮ್ಮ ಮನೆಯ ಬೀಜ ಇದೆಯೇ? ಒಂದು ಹಿಡಿ ಸಾಕು. ಸುಗ್ಗಿಯಲ್ಲಿ ತಂದುಕೊಡುತ್ತೇನೆ" ಎಂದ. ಒಂದೂರಿನಲ್ಲಿ ಹರಳು ಬೆಳೆದಿದ್ದರು. ಒಂದೂರಿನಲ್ಲಿ ಹತ್ತಿ. ಇನ್ನೊಂದೂರಿನಲ್ಲಿ ಹೂವು. ಎಲ್ಲರೂ ಒಳ್ಳೆಯವರೇ. ಒಳಗೆ ಬಾ, ಉಂಡು ಹೋಗು ಎಂದರು. ಅವನಿಗೆ ಕೂರಲಾಗಲಿಲ್ಲ. ಕೂತರೆ ಮಕ್ಕಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಉಣ್ಣದೆ ಮುಂದಿನ ಮನೆಗೆ ಹೋದ. ಅಲ್ಲಿಂದ ಮುಂದಿನ ಊರಿಗೆ ಹೋದ. ಆಕಾಶದಲ್ಲಿ ಮತ್ತೆ ಮೋಡ ಕಟ್ಟತೊಡಗಿತ್ತು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಹೊಲಿಗೆ ಮುಗಿದಿತ್ತು. ದಾರವನ್ನು ಹಲ್ಲಿನಿಂದ ಕಡಿದು ಶಾಲನ್ನು ಕೊಡವಿದರು.

ಮರುಳಯ್ಯ ಕಾದ. ಕತೆ ಮುಂದುವರಿಯಲಿಲ್ಲ. ಹೊತ್ತಾಗುತ್ತದೆ ಎಂದಿದ್ದವನಿಗೆ ಈಗ ಏಳುವುದೇ ಮರೆತುಹೋಗಿತ್ತು. ಮಠದ ಹಿಂದಿನ ಹೊಲದ ಕಡೆಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು.

"ಆಮೇಲೆ, ಬುದ್ಧಿ? ಅವನಿಗೆ ಬೀಜ ಸಿಕ್ಕಿತೇ?" ಎಂದ.

ಸ್ವಾಮಿಗಳು ಗದ್ದುಗೆಯ ಕಡೆ ನೋಡಿದರು. ಅದರ ಮುಂದೆ, ದೀಪದ ಬೆಳಕಿನಲ್ಲಿ, ಪೇಟೆಯಿಂದ ಬಂದ ಬುಟ್ಟಿ ಹಸಿರಾಗಿ, ದಟ್ಟವಾಗಿ ಕಾಣುತ್ತಿತ್ತು.

"ಬೆಳಗ್ಗೆ ಅವನು ನಮ್ಮ ಬಾಗಿಲಿಗೆ ಬಂದು, ಆ ಬುಟ್ಟಿ ನೋಡಿ, ಯಾರ ಮನೆಯ ಬೀಜ ಎಂದು ಕೇಳಿದರೆ ಏನು ಹೇಳುತ್ತೀಯ, ಮರುಳಯ್ಯ?"